ಮೀನಿನ ಬಳಿ

ಪೀಣ್ಯ ಎರಡನೇ ಹಂತ, ಎರಡನೇ ಮಹಡಿ.
ಕೆಳಗೆ ನಟ್ಟು ಬೋಲ್ಟಿನ ಕಾರ್ಖಾನೆ, ದಿನವಿಡೀ ದಡದಡ.
ಮೇಲೆ ನಾನು, ಇಕ್ಕಳದಲ್ಲಿ ಹಿಡಿದಿದ್ದೇನೆ
ಮೀನೆಂದು ಹೇಳಿಕೊಳ್ಳುವ ಒಂದು ಬೆರಳು.

ಡಬ್ಬಿಯ ಮೇಲೆ ನೀಲಿ ಕಡಲು, ಜಿಗಿಯುವ ಅಂಜಲ್,
'ಅಪ್ಪಟ' ಎಂಬ ಮಾತು ಮೂರು ಸಲ.
ಒಳಗೆ ರೊಟ್ಟಿಪುಡಿಯ ಅಂಗಿ ತೊಟ್ಟ,
ತಲೆಯಿಲ್ಲದ ಬಾಲವಿಲ್ಲದ ಹುರುಪೆ ಕಳಚಿದ
ಬಿಳೀ ಮುದ್ದೆ. ನಮೂನೆ ಸಂಖ್ಯೆ ನಲವತ್ತೇಳು.

ರಸೆಲ್ ಮಾರ್ಕೆಟ್ಟಿನ ಬುಡನ್ ಸಾಬರಿಗೆ ಒಮ್ಮೆ
ಇಂಥದೇ ತುಂಡು ತೋರಿಸಿದ್ದೆ.
ಮುಟ್ಟಿದರು, ಮೂಸಿದರು, ತಿರುಗಿಸಿ ಕೊಟ್ಟರು:
"ಮುಖ ಇದ್ರೆ ಹೆಸರು ಹೇಳ್ತೀನಮ್ಮ.
ಕಿವಿರು ಎತ್ತಿ ಯಾವತ್ತು ಹಿಡಿದ್ರು ಅಂತಲೂ ಹೇಳ್ತೀನಿ.
ಇದಕ್ಕೆ ನಿಮ್ಮ ಮಿಷನ್ನೇ ಕೇಳಿ."

ಮಿಷನ್ನನ್ನು ಕೇಳುವ ವಿಧಾನ ಇದು:
ಅಂಗಿ ಬಿಚ್ಚು. ಅಕ್ಕಿಕಾಳಿನಷ್ಟು ಕತ್ತರಿಸು.
ಉಪ್ಪುನೀರು, ಸೋಪು, ಬಿಸಿ; ಆಮೇಲೆ ತಣ್ಣನೆಯ ಸ್ಪಿರಿಟ್ಟು
ಕೊಳವೆಯ ಗೋಡೆಗುಂಟ ಇಳಿಬಿಡು.
ಹುರಿದು, ಹೆಪ್ಪುಗಟ್ಟಿಸಿದ ಮೇಲೆ ಏನುಳಿದೀತು?
ಉಳಿಯುತ್ತದೆ ಡಿಎನ್ಎ, ಪುಡಿಪುಡಿಯಾಗಿ,
ಹರಿದ ರೇಷನ್ ಕಾರ್ಡಿನ ಚೂರಿನಲ್ಲಿ
ಯಜಮಾನಿಯ ಹೆಸರಿನ ಎರಡಕ್ಷರ ಉಳಿದ ಹಾಗೆ.
ಅಷ್ಟು ಸಾಕು. ಅದನ್ನೇ ಯಂತ್ರ ಇಡೀ ಮಧ್ಯಾಹ್ನ
ಒಂದನ್ನು ಎರಡು, ಎರಡನ್ನು ನಾಲ್ಕು ಅಂತ ಮಗ್ಗಿ ಹೇಳುತ್ತ
ಕೋಟಿ ಮಾಡುತ್ತದೆ.

ನಾವು ಓದುವ ಆ ತುಣುಕು ಅಪ್ಪನಿಂದ ಬರುವುದಿಲ್ಲ.
ತಾಯಿಯಿಂದ, ತಾಯಿಯ ತಾಯಿಯಿಂದ,
ಮೊಟ್ಟೆಯೊಳಗೇ ಕೂತು ಬರುತ್ತದೆ.
ಕಾಲೇಜಿನಲ್ಲಿ ಇದನ್ನು ಕಲಿಸಿದಾಗ ನಕ್ಕಿದ್ದೆ:
ನಮ್ಮಲ್ಲಿ ಇದಕ್ಕೆ ಬಳಿ ಅನ್ನುತ್ತಾರೆ.
ಮದುವೆ ಮಾತಿಗೆ ಬಂದವರು ಮೊದಲು ಕೇಳುವುದು ಅದನ್ನೇ,
ಮಲ್ಪೆಯ ಅಜ್ಜಿ ನಿದ್ದೆಗಣ್ಣಲ್ಲೂ ತಪ್ಪದೆ ಹೇಳುತ್ತಿದ್ದದ್ದು.

ಸಂಜೆ ಐದೂವರೆಗೆ ಪರದೆಯ ಮೇಲೆ
ನಾಲ್ಕೇ ಅಕ್ಷರಗಳ ಉದ್ದನೆಯ ಸಾಲು.
ಹೊಂದಿಸಿ ನೋಡಿದೆ. ಅಂಜಲ್ ಅಲ್ಲ.
ಕಡಲನ್ನೇ ಕಾಣದ್ದು. ಜಿಲೇಬಿ.
ಕೆರೆಯ ಕೆಸರಲ್ಲಿ, ಏನು ಹಾಕಿದರೂ ತಿಂದು ಬೆಳೆಯುವ
ಬಡಪಾಯಿ ಜಿಲೇಬಿ ಮೀನು.
ಅದರದ್ದೇನು ತಪ್ಪು? ತಾನು ಅಂಜಲ್ ಎಂದು
ಅದು ಯಾರ ಹತ್ತಿರವೂ ಹೇಳಿರಲಿಲ್ಲ.

ಕಂಪನಿಯವರ ಫೋನು:
"ಬಿಳಿ ಮೀನು ಅಂತ ಹಾಕಿಬಿಡಿ ಮೇಡಂ,
ಬಿಳಿ ಇದೆಯಲ್ಲ, ಸುಳ್ಳೇನಲ್ಲ."

ಸುಳ್ಳೇನಲ್ಲ.
ರಾಜಾಜಿನಗರದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ
"ನೀವು ಏನು ಪೈಕಿ?" ಅಂದರು ಓನರಮ್ಮ.
"ಉಡುಪಿ ಕಡೆಯವರು" ಅಂದೆ.
"ಓ, ಕೃಷ್ಣನ ಊರು!"
ಮಿಕ್ಕದ್ದನ್ನು ಅವರೇ ತುಂಬಿಕೊಂಡರು,
ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಂಡರು.
ಕರಾರುಪತ್ರದಲ್ಲಿ ನಾನು ವನಿತಾ ಟಿ.

ಮೂರು ವರ್ಷ. ನಿಂಬೆಸಿಪ್ಪೆಯಲ್ಲಿ ಕೈ ತಿಕ್ಕಿಕೊಂಡೇ
ಅವರ ಮೆಟ್ಟಿಲು ಹತ್ತುತ್ತೇನೆ.
ಆ ಮೂಗಿನಷ್ಟು ಸೂಕ್ಷ್ಮದ ಯಂತ್ರ ನಮ್ಮ ಲ್ಯಾಬಿನಲ್ಲಿಲ್ಲ.
ಅದು ಹುಡುಕುವುದು ಜಾತಿ, ಇದು ಹುಡುಕುವುದೂ ಜಾತಿಯೇ;
ನಡುವೆ ಗೆರೆ ಎಳೆಯಲು ಕೂತ ರಾತ್ರಿ
ನಿದ್ದೆ ಬರುವುದಿಲ್ಲ.
ಡಬ್ಬಿ ಕೊಂಡವರಿಗೆ ತಿಳಿಯುವ ಹಕ್ಕಿದೆ, ಒಪ್ಪಿದೆ.
ಮನೆ ಕೊಟ್ಟವರಿಗೆ?

ವರದಿ ಮುದ್ರಿಸಿದೆ:
ಲೇಬಲ್ಲಿಗೂ ಒಳಗಿನದಕ್ಕೂ ತಾಳೆಯಿಲ್ಲ.
'ಪರೀಕ್ಷಿಸಿದವರು' ಎಂಬಲ್ಲಿ ಪೂರ್ತಿ ಬರೆದೆ,
ವನಿತಾ ತಿಂಗಳಾಯ,
ಕೊನೆಯ ಅಕ್ಷರದ ಬಾಲ ಗೆರೆ ದಾಟಿ ಹೊರಗೆ ಹೋಯಿತು.

ಮೆಟ್ರೋದಲ್ಲಿ ಪಕ್ಕದವಳು ಸ್ವಲ್ಪ ಸರಿದು ಕೂತಳು.
ನಿಂಬೆಸಿಪ್ಪೆ ಇವತ್ತು ಚೀಲದಲ್ಲೇ ಇತ್ತು.